ಎರಕದ ಗಾಜು ಸೀಳಿದರೆ, ಮಂಕಾದರೆ: ಮನೆ ಕುಲುಮೆಯ ದೋಷ ನಿವಾರಣೆ ಕೈಪಿಡಿ

ಹಿತ್ತಲಿನಲ್ಲಿ ಸಣ್ಣದೊಂದು ವಿದ್ಯುತ್ ಕುಲುಮೆ ಇಟ್ಟುಕೊಂಡು, ಪ್ಲಾಸ್ಟರ್ ಅಚ್ಚಿನೊಳಗೆ ಗಾಜು ಕರಗಿಸಿ ಎರಕ ತೆಗೆದು, ಅದನ್ನು ಕೈಯಲ್ಲೇ ಉಜ್ಜಿ ಹೊಳಪು ಕೊಡುವ ಪ್ರಯೋಗದಲ್ಲಿ ತೊಡಗಿರುವವರಿಗಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ನನ್ನ ಕುಲುಮೆ ಚಿಕ್ಕಮಗಳೂರಿನ ಹೊರವಲಯದಲ್ಲಿ, ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಶೆಡ್ಡಿನಲ್ಲಿದೆ. 3 ಕಿಲೋವ್ಯಾಟ್‌ನದು, ಒಳಗೆ ದೊಡ್ಡ ಪ್ರೆಶರ್ ಕುಕ್ಕರ್ ಒಂದು ಹಿಡಿಯುವಷ್ಟು ಜಾಗ. ಇಲ್ಲಿ ಹೇಳುವ ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ, ಮತ್ತು ಕಿಟಕಿ ಗಾಜು, ಬಾಟಲಿ ಗಾಜಿನಂಥ ಸೋಡಾ-ಸುಣ್ಣದ ಗಾಜಿಗೆ ಮಾತ್ರ ಹೊಂದುತ್ತವೆ. ಎರಕಕ್ಕೆಂದೇ ತಯಾರಾದ ಗಾಜನ್ನು ಕೊಂಡವರು ತಯಾರಕರು ಕೊಟ್ಟ ಪಟ್ಟಿಯನ್ನೇ ಅನುಸರಿಸಬೇಕು.

ಗಾಜಿನಲ್ಲಿ ದೋಷ ಕಣ್ಣಿಗೆ ಬೀಳುವ ಹಂತ ಒಂದಾದರೆ, ಹುಟ್ಟುವ ಹಂತ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಪಾಲಿಶ್ ಮಾಡುವಾಗ ಎರಡಾದ ತುಂಡು ಕುಲುಮೆಯಲ್ಲಿ ತಣಿಯುವಾಗಲೇ ಒಡೆಯಲು ಸಿದ್ಧವಾಗಿದ್ದಿರಬಹುದು; ಎಷ್ಟು ತಿಕ್ಕಿದರೂ ಹೋಗದ ಮಂಕಿಗೆ, ಒರಟಿನಿಂದ ನುಣುಪಿಗೆ ಒಂದಾದ ಮೇಲೊಂದು ಬಳಸುವ ಉಜ್ಜುವ ಪುಡಿಗಳಲ್ಲಿ ಎರಡು ಪುಡಿಗಳ ಹಿಂದೆ ತೋರಿದ ಆತುರ ಕಾರಣವಾಗಿರಬಹುದು. ಆದ್ದರಿಂದ ಕೆಟ್ಟ ತುಂಡನ್ನು ಬೇಸರದಲ್ಲಿ ಎಸೆದು ಮತ್ತೆ ಕುಲುಮೆ ಹಚ್ಚುವ ಮೊದಲು ಆ ತುಂಡನ್ನೇ ಮೇಜಿನ ಮೇಲಿಟ್ಟು ಓದಬೇಕು. ಓದುವುದಕ್ಕೆ ಖರ್ಚಿಲ್ಲ, ಮತ್ತೊಮ್ಮೆ ಸುಡುವುದಕ್ಕೆ ಎರಡು ದಿನ ಬೇಕು, ಕರೆಂಟು ಬಿಲ್ಲೂ ಬರುತ್ತದೆ.

ಪರೀಕ್ಷೆಗೆ ಕೈ ಹಾಕುವ ಮುನ್ನ

ಕೆಂಪಗೆ ಕಾದ ಕುಲುಮೆಗೆ ಎಲ್ಲರೂ ಹೆದರುತ್ತಾರೆ, ಅಚ್ಚಿಗೆ ಬೆರೆಸುವ ಸಿಲಿಕಾ ಪುಡಿಗೆ ಯಾರೂ ಹೆದರುವುದಿಲ್ಲ. ನಿಜವಾಗಿ ಹೆಚ್ಚು ಭಯಪಡಬೇಕಾದದ್ದು ಆ ಪುಡಿಗೇ. ಅದರ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಕಲ್ಲು ಕ್ವಾರಿಗಳಲ್ಲಿ ದುಡಿಯುವವರನ್ನು ಕಾಡುವ ಕಾಯಿಲೆ ಇದೇ. ಪುಡಿ ಅಳೆಯುವಾಗ, ಬೆರೆಸುವಾಗ, ಅದಕ್ಕಿಂತ ಮುಖ್ಯವಾಗಿ ಸುಟ್ಟ ಅಚ್ಚನ್ನು ಒಡೆಯುವಾಗ ಎನ್-95 ದರ್ಜೆಯ ಮುಖಗವಸು ಇರಲೇಬೇಕು. ಟವೆಲ್ ಸುತ್ತಿಕೊಂಡರೆ ಸಾಲದು. ಪೂರ್ತಿ ತಣಿದ ಅಚ್ಚಿಗೆ ನೀರು ಚಿಮುಕಿಸಿ ನೆನೆಸಿಕೊಂಡೇ ಒಡೆಯಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಾಜನ್ನು ಒಣದಾಗಿ ಉಜ್ಜಲೇಬಾರದು.

ಹಾಳಾದ ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬುಗಳ ಗಾಜನ್ನು ಕುಲುಮೆಗೆ ಹಾಕಬೇಡಿ, ಅವುಗಳಲ್ಲಿ ಪಾದರಸವಿರುತ್ತದೆ. ಹಳೆಯ ಡಬ್ಬಿ ಟಿವಿಯ ಗಾಜಿನಲ್ಲಿ ಸೀಸವಿರುತ್ತದೆ, ಅದೂ ಬೇಡ. ಕುಲುಮೆಯ ಬಾಗಿಲು ತೆರೆಯುವಾಗ ಮೈಮೇಲೆ ಹತ್ತಿ ಬಟ್ಟೆಯೇ ಇರಲಿ. ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕುಲುಮೆಯಿಂದ ತೆಗೆದಾಗಲೇ ಬಿರುಕು ಬಿಟ್ಟಿದೆ

ಎಲ್ಲಕ್ಕಿಂತ ಹೆಚ್ಚು ಜನ ಎದುರಿಸುವ ತೊಂದರೆ ಇದು. ಮೊದಲು ನೋಡಬೇಕಾದದ್ದು ಬಿರುಕಿನ ಅಂಚನ್ನು. ಅದನ್ನು ಬೆರಳಿನಿಂದ ಮುಟ್ಟಬೇಡಿ. ದೇವರ ಮನೆಯಿಂದ ಒಂದು ಹೂಬತ್ತಿ ತಂದು ಬಿರುಕಿನ ಉದ್ದಕ್ಕೂ ಹಗುರವಾಗಿ ಸವರಿ. ಹತ್ತಿಯ ಎಳೆಗಳು ಸಿಕ್ಕಿಕೊಂಡು ಅಂಚಿನಲ್ಲೇ ಉಳಿದರೆ ಅಂಚು ಹರಿತವಾಗಿದೆ ಎಂದರ್ಥ: ಗಾಜು ಗಟ್ಟಿಯಾದ ಮೇಲೆ, ಅಂದರೆ ತಣಿಯುವ ಹಾದಿಯಲ್ಲಿ ಸೀಳಿದೆ. ಹೂಬತ್ತಿ ಎಲ್ಲಿಯೂ ತಡೆಯದೆ ಜಾರಿಹೋಗಿ, ಅಂಚು ನೆಕ್ಕಿದ ಬೆಲ್ಲದಂತೆ ದುಂಡಗೆ ಕಂಡರೆ ಅದು ಬಿರುಕೇ ಅಲ್ಲದಿರಬಹುದು. ಅಚ್ಚಿಗೆ ಹಾಕಿದ ಎರಡು ತುಂಡುಗಳು ಒಂದಾಗದೆ ಉಳಿದ ಬೆಸುಗೆಯ ಗೆರೆ ಅದು, ಶಾಖ ಸಾಲದ್ದರಿಂದ ಆದದ್ದು. ಮೊದಲೇ ಎರಕವಾಗಿದ್ದ ದಪ್ಪ ತುಂಡನ್ನು ಎರಡನೆಯ ಸಲ ಕಾಯಿಸಿದ್ದರೆ ಮಾತ್ರ ದುಂಡಗಿನ ಅಂಚಿಗೆ ಬೇರೆ ಅರ್ಥವಿದೆ: ಆರಂಭದಲ್ಲಿ ಬೇಗ ಬೇಗ ಕಾಯಿಸಿದ್ದರಿಂದ ಅದು ಸೀಳಿ, ಆಮೇಲೆ ಶಾಖಕ್ಕೆ ಅಂಚು ಕರಗಿದೆ.

ಅಂಚು ಹರಿತವಾಗಿದ್ದರೆ ಮುಂದೆ ಬಿರುಕು ಓಡಿದ ದಾರಿಯನ್ನು ಗಮನಿಸಿ. ಬಣ್ಣದ ತುಂಡೊಂದರ ಸುತ್ತ ಬಿರುಕು ಉಂಗುರದಂತೆ ಸುತ್ತಿದ್ದರೆ ಎರಡು ಗಾಜುಗಳು ಒಂದಕ್ಕೊಂದು ಹೊಂದಿಲ್ಲ. ನಮ್ಮ ಕಡೆ ಇದರ ಮುಖ್ಯ ಅಪರಾಧಿ ಒಡೆದ ಗಾಜಿನ ಬಳೆ. ಜಾತ್ರೆಯಲ್ಲಿ ಕೊಂಡ ಹಸಿರು ಬಳೆಯ ಚೂರುಗಳನ್ನು ಕಿಟಕಿ ಗಾಜಿನ ನಡುವೆ ಇಟ್ಟರೆ ಚೆನ್ನಾಗಿ ಕಾಣುತ್ತದೆಂದು ಎಲ್ಲರಿಗೂ ಒಮ್ಮೆ ಅನಿಸುತ್ತದೆ, ನನಗೂ ಅನಿಸಿತ್ತು. ಕರಗುವಾಗ ಎರಡೂ ಒಂದಾದಂತೆ ತೋರುತ್ತವೆ. ತಣಿಯುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ ಕುಗ್ಗುತ್ತದೆ, ನಡುವಿನ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಸೋಡಾ-ಸುಣ್ಣದ ಗಾಜು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಹಿಗ್ಗುತ್ತದೆ; ಒಲೆಯ ಮೇಲಿಡುವ ಬೋರೋಸಿಲಿಕೇಟ್ ಪಾತ್ರೆಯ ಗಾಜು ಹಿಗ್ಗುವುದು ಕೇವಲ 3.3 ಭಾಗ. ಇವೆರಡನ್ನು ಬೆರೆಸಿದರೆ ಎಷ್ಟೇ ನಿಧಾನವಾಗಿ ತಣಿಸಿದರೂ ತುಂಡು ಉಳಿಯುವುದಿಲ್ಲ. ಬೇರೆ ಬೇರೆ ಕಾರ್ಖಾನೆಯ ಎರಡು ಬಾಟಲಿಗಳೂ ಹೊಂದುತ್ತವೆಂಬ ಭರವಸೆಯಿಲ್ಲ. ಒಂದು ಎರಕಕ್ಕೆ ಒಂದೇ ಬಾಟಲಿ, ಇಲ್ಲವೇ ಒಂದೇ ಹಾಳೆಯಿಂದ ಕತ್ತರಿಸಿದ ಗಾಜು ಎಂಬ ನಿಯಮವನ್ನು ಪಾಲಿಸುವುದೇ ಅಗ್ಗದ ಪರಿಹಾರ.

ಬಿರುಕು ಬಟ್ಟಲಿನ ಅಂಚಿನಿಂದ ತಳದವರೆಗೆ ಇಳಿದಿದ್ದರೆ ಒಳಗಿನ ಅಚ್ಚನ್ನು ಅನುಮಾನಿಸಿ. ತಣಿಯುತ್ತಾ ಗಾಜು ಒಳಮುಖವಾಗಿ ಕುಗ್ಗುತ್ತದೆ. ಒಳಗೆ ಗಟ್ಟಿಯಾದ ಪ್ಲಾಸ್ಟರ್ ದಿಂಡು ನಿಂತಿದ್ದರೆ ಬಿಗಿ ಬಳೆ ತೊಟ್ಟ ಕೈಯಂತೆ ಅದು ಬಿಡುವುದಿಲ್ಲ, ಕೊನೆಗೆ ಬಳೆಯೇ ಒಡೆಯುತ್ತದೆ. ಒಳದಿಂಡನ್ನು ಟೊಳ್ಳಾಗಿ, ಹೊರಗಿನ ಅಚ್ಚಿಗಿಂತ ಮೆದುವಾಗಿ ಮಾಡಬೇಕು.

ಇವೆರಡೂ ಅಲ್ಲದೆ ದಪ್ಪ ಭಾಗದ ನಡುವೆ ಒಂದೇ ಬಿರುಕು ಹಾವಿನಂತೆ ಬಳುಕಿ ಹೋಗಿದ್ದರೆ, ತಣಿಸುವುದರಲ್ಲಿ ಅವಸರವಾಗಿದೆ. ಇದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿಯ ಪುಟ ತೆರೆದು, ಪೋಲರೈಸ್ಡ್ ತಂಪುಕನ್ನಡಕದ ಮೂಲಕ ಪರದೆಯನ್ನು ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಆಗದಿದ್ದರೆ ಕನ್ನಡಕ ಪೋಲರೈಸ್ಡ್ ಅಲ್ಲ, ಬೇರೆ ಹುಡುಕಿ. ಕಪ್ಪಾದ ಸ್ಥಿತಿಯಲ್ಲಿ ಗಾಜಿನ ತುಂಡನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಅಚ್ಚಿನಿಂದ ಬಂದ ಮೇಲ್ಮೈ ಒರಟಾಗಿದ್ದು ಒಳಗೆ ಕಾಣದಿದ್ದರೆ ಎರಡೂ ಬದಿಗೆ ಅಡುಗೆ ಎಣ್ಣೆ ಸವರಿ. ಗಾಜೂ ಕಪ್ಪಗೇ ಉಳಿದರೆ ಒಳಗೆ ಒತ್ತಡವಿಲ್ಲ. ಮೂಲೆಗಳಲ್ಲಿ, ದಪ್ಪ ಭಾಗದ ಸುತ್ತ ಬೆಳ್ಳಗೆ ಬೆಳಕು ಮೂಡಿದರೆ ಅಲ್ಲೆಲ್ಲ ಒತ್ತಡ ಕೂತಿದೆ. ಬಣ್ಣದ ಚೂರಿನ ಸುತ್ತ ಮಾತ್ರ ಬೆಳಕಿನ ಬಳೆ ಕಂಡರೆ ಅದು ಹೊಂದಿಕೆಯ ದೋಷ. ಅದಕ್ಕೆ ತಣಿಸುವಿಕೆಯಲ್ಲಿ ಮದ್ದಿಲ್ಲ.

ಹದವಾಗಿ ತಣಿಸುವುದು, ಅಂದರೆ ಅನೀಲಿಂಗ್, ಎರಡು ಭಾಗದ ಕೆಲಸ. ಸುಮಾರು 540 ಡಿಗ್ರಿಯಲ್ಲಿ ಗಾಜಿನ ಒಳಗೂ ಹೊರಗೂ ಒಂದೇ ಶಾಖ ಬರುವವರೆಗೆ ನಿಲ್ಲಿಸುವುದು ಮೊದಲನೆಯದು. ಆ ಸಮಸ್ಥಿತಿ ಕೆಡದಂತೆ ನಿಧಾನವಾಗಿ ಇಳಿಸುವುದು ಎರಡನೆಯದು. 25 ಮಿಲಿಮೀಟರ್ ದಪ್ಪದ ತುಂಡಿಗೆ ನಾನು 4 ಗಂಟೆ ನಿಲ್ಲಿಸುತ್ತೇನೆ; ಅನಂತರ ಮೊದಲ 55 ಡಿಗ್ರಿಯನ್ನು ಗಂಟೆಗೆ 15 ಡಿಗ್ರಿಯಂತೆ, ಮುಂದಿನ 55 ಡಿಗ್ರಿಯನ್ನು ಗಂಟೆಗೆ 27 ಡಿಗ್ರಿಯಂತೆ, ಅಲ್ಲಿಂದ ಕೆಳಕ್ಕೆ ಗಂಟೆಗೆ 90 ಡಿಗ್ರಿ ಮೀರದಂತೆ ಇಳಿಸುತ್ತೇನೆ. ದಪ್ಪ ಇಮ್ಮಡಿಯಾದರೆ ಹೊತ್ತೂ ಇಮ್ಮಡಿಯಾಗುತ್ತದೆಂದು ಲೆಕ್ಕ ಹಾಕುವಲ್ಲಿ ಹೆಚ್ಚಿನವರು ಎಡವುತ್ತಾರೆ. ಇಳಿಸುವ ವೇಗ ದಪ್ಪದ ವರ್ಗಕ್ಕೆ ತಕ್ಕಂತೆ ತಗ್ಗಬೇಕು: 50 ಮಿಲಿಮೀಟರಿಗೆ 8 ಗಂಟೆ ನಿಲುಗಡೆ, ಮೊದಲ ಇಳಿತ ಗಂಟೆಗೆ 4 ಡಿಗ್ರಿಗೂ ಕಡಿಮೆ, ಒಟ್ಟಾರೆ ಹತ್ತಿರಹತ್ತಿರ ಎರಡು ದಿನ. ಇದು ಬಯಲಲ್ಲಿರುವ ಗಾಜಿನ ಲೆಕ್ಕ. ದಪ್ಪ ಅಚ್ಚಿನೊಳಗಿದ್ದರೆ ಇದಕ್ಕೂ ಹೆಚ್ಚು ಹೊತ್ತು ಕೊಡಬೇಕು. ದಪ್ಪ ಅಳೆಯುವಾಗ ಅಚ್ಚಿನ ಬಾಯಲ್ಲಿ ಉಳಿದ ಹೆಚ್ಚುವರಿ ಗಾಜನ್ನೂ ಸೇರಿಸಿಕೊಳ್ಳಿ. 50 ಮಿಲಿಮೀಟರಿಗಿಂತ ದಪ್ಪದ ಕೆಲಸವನ್ನು ಮನೆ ಕುಲುಮೆಯಲ್ಲಿ ಮಾಡಲು ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ.

ನಡುವೆ ಕರೆಂಟು ಹೋದರೆ? ಮಳೆಗಾಲದಲ್ಲಿ ಮಲೆನಾಡಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಗಾಜು ಕರಗುವ ಹಂತದಲ್ಲಿ ಹೋದರೆ ನಷ್ಟವೇನೂ ಇಲ್ಲ, ಬಂದಮೇಲೆ ಮುಂದುವರಿಸಿ. ತಣಿಯುವ ಹಂತದಲ್ಲಿ ಹೋದರೆ ಬಾಗಿಲನ್ನು ಬೆರಳಿನಷ್ಟೂ ತೆರೆಯದೆ ಹಾಗೆಯೇ ಬಿಡಿ. ಕರೆಂಟು ಬಂದಾಗ ನಿಧಾನವಾಗಿ ಮತ್ತೆ 540ಕ್ಕೆ ಏರಿಸಿ, ನಿಲುಗಡೆಯನ್ನು ಮೊದಲಿನಿಂದ ಪೂರ್ತಿ ಮಾಡಿ. ಕರೆಂಟು ಮರಳಿದಾಗ ಕುಲುಮೆಯ ಶಾಖವನ್ನು ನಿಯಂತ್ರಿಸುವ ನಿಮ್ಮ ಕಂಟ್ರೋಲರ್ ತಾನಾಗಿ ಮುಂದುವರಿಯುತ್ತದೆಯೋ, ನಿಂತೇಬಿಡುತ್ತದೆಯೋ ಎಂಬುದನ್ನು ಖಾಲಿ ಕುಲುಮೆಯಲ್ಲಿ ಮೊದಲೇ ಪರೀಕ್ಷಿಸಿ ತಿಳಿದಿರಬೇಕು.

ಒಂದು ವಾರ ಚೆನ್ನಾಗಿದ್ದು ತಾನಾಗಿಯೇ ಸೀಳಿತು

ಇದೂ ಮೇಲಿನ ದೋಷವೇ, ತಡವಾಗಿ ಹೊರಬಂದದ್ದು. ಒಳಗೆ ಕೂತ ಒತ್ತಡ ಬಿಸಿನೀರಿನಲ್ಲಿ ತೊಳೆದಾಗಲೋ, ಕಿಟಕಿಯ ಬಿಸಿಲು ಬಿದ್ದಾಗಲೋ, ಒಂದು ಗೀರಿನ ನೆಪದಲ್ಲೋ ಬಿಡುಗಡೆಯಾಗುತ್ತದೆ. ಕನ್ನಡಕದ ಪರೀಕ್ಷೆಯಲ್ಲಿ ಬೆಳಕು ತೋರಿಸಿದ, ಆದರೆ ಇನ್ನೂ ಒಡೆಯದ ತುಂಡನ್ನು ಉಳಿಸಿಕೊಳ್ಳಬಹುದು: ಅದರ ಆಕಾರಕ್ಕೆ ಆಸರೆಯಾಗುವಂತೆ ಒಣ ಮರಳಿನ ಮೇಲೆ ಕೂರಿಸಿ, ತುಂಬ ನಿಧಾನವಾಗಿ ಕಾಯಿಸಿ, ಅನೀಲಿಂಗನ್ನು ಹೊಸದಾಗಿ ಮಾಡಿ. ಅಲ್ಲಿಯವರೆಗೆ ಉಜ್ಜಲು ತೊಡಗಬೇಡಿ. ಒತ್ತಡವಿರುವ ಗಾಜು ಕೈಯಲ್ಲೇ ಸಿಡಿಯಬಹುದು.

ಅಚ್ಚಿನ ಮೂಲೆಗಳು ತುಂಬಿಲ್ಲ

ಗಾಜಿನ ಅಳತೆ ಸರಿಯಿತ್ತೇ ಎಂದು ಮೊದಲು ನೋಡಿ. ಅಚ್ಚಿಗೆ ನೀರು ತುಂಬಿ ಅಳೆಯಲು ಹೋದರೆ ಪ್ಲಾಸ್ಟರ್ ನೀರನ್ನು ಕುಡಿದುಬಿಡುತ್ತದೆ. ನಾನು ರಾಗಿ ತುಂಬುತ್ತೇನೆ. ಅಚ್ಚಿನ ಬಾಯಿಯವರೆಗೆ ರಾಗಿ ಸುರಿದು ಮಟ್ಟ ಮಾಡಿ, ಅದನ್ನು ಅಳತೆಯ ಲೋಟಕ್ಕೆ ಮಗುಚಿ. ಎಷ್ಟು ಮಿಲಿಲೀಟರ್ ಬಂತೋ ಅದನ್ನು 2.5ರಿಂದ ಗುಣಿಸಿದರೆ ಬೇಕಾದ ಗಾಜಿನ ತೂಕ ಗ್ರಾಂನಲ್ಲಿ ಸಿಗುತ್ತದೆ. 400 ಮಿಲಿಲೀಟರ್ ಜಾಗಕ್ಕೆ ಒಂದು ಕಿಲೋ ಗಾಜು. ಬಳಿಕ ಒಂದು ಕಾಳೂ ಉಳಿಯದಂತೆ ಅಚ್ಚನ್ನು ಬೋರಲು ಹಾಕಿ ತಟ್ಟಿ. ಉಳಿದ ರಾಗಿ ಸುಟ್ಟು ಗಾಜಿನಲ್ಲಿ ಕಲೆ ಮಾಡುತ್ತದೆ.

ತೂಕ ಸರಿಯಿದ್ದೂ ಮೂಲೆ ದುಂಡಗಾಗಿದ್ದರೆ, ಒಂದೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಶಾಖ ಮುಟ್ಟಿಲ್ಲ. ತುಂಬದ ಜಾಗದ ಮೇಲ್ಮೈ ನುಣುಪಾಗಿ ಹೊಳೆಯುತ್ತಾ ಗುಂಡಿಯಂತೆ ಒಳಗೆ ಬಾಗಿದ್ದರೆ ಗಾಳಿಯ ಕೆಲಸ. ಆ ಮೂಲೆಯಿಂದ ಮೇಲಕ್ಕೆ ಸಣ್ಣ ಗಾಳಿಕಂಡಿ ಬಿಡಬೇಕು. ಎಲ್ಲ ಮೂಲೆಗಳೂ ಒಂದೇ ಸಮನೆ ದುಂಡಗಾಗಿದ್ದರೆ ಶಾಖದ ಕೊರತೆ. ಬಾಟಲಿ ಗಾಜು ಅಚ್ಚಿನ ಸಂದಿಗೊಂದಿಗೆ ಹರಿಯಲು 850 ಡಿಗ್ರಿ ಅಥವಾ ಸ್ವಲ್ಪ ಮೇಲೆ, ಕೆಲವು ಗಂಟೆಗಳ ಕಾಲ ನಿಲ್ಲಿಸಬೇಕಾಗುತ್ತದೆ. ಅವಸರಕ್ಕೆ ಶಾಖವನ್ನೇ ಏರಿಸಿದರೆ ಪ್ಲಾಸ್ಟರ್ ಅಚ್ಚು ಬಲ ಕಳೆದುಕೊಂಡು ಗಾಜಿಗೆ ಅಂಟುತ್ತದೆ, ಆದ್ದರಿಂದ ಶಾಖಕ್ಕಿಂತ ಹೊತ್ತನ್ನು ಹೆಚ್ಚಿಸುವುದು ಲೇಸು.

ಕಂಟ್ರೋಲರ್ 850 ತೋರಿಸಿದ ಮಾತ್ರಕ್ಕೆ ಒಳಗೆ 850 ಇತ್ತೆಂದು ನಂಬಬೇಡಿ. ಕೆ-ಟೈಪ್ ಥರ್ಮೋಕಪಲ್ ಓದುವ ಮಲ್ಟಿಮೀಟರ್ ಇದ್ದರೆ, ಮುಖ್ಯ ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ ಥರ್ಮೋಕಪಲ್ಲನ್ನು, ಅಂದರೆ ಕುಲುಮೆಯೊಳಗಿನ ಶಾಖ ಅಳೆಯುವ ತಂತಿಯನ್ನು, ಕಳಚಿ ಅದಕ್ಕೆ ಜೋಡಿಸಿ, ತುದಿಯನ್ನು ಕುದಿಯುವ ನೀರಿಗೆ ಹಿಡಿಯಿರಿ. ಹಾಸನ, ಚಿಕ್ಕಮಗಳೂರುಗಳು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 100 ಬರಲಿಲ್ಲವೆಂದು ಉಪಕರಣವನ್ನು ದೂರಬೇಡಿ. ಐದಾರು ಡಿಗ್ರಿಗೂ ಮೀರಿ ವ್ಯತ್ಯಾಸವಿದ್ದರೆ ಥರ್ಮೋಕಪಲ್ ಬದಲಾಯಿಸಿ. ಕುಲುಮೆ ಕಾಯುತ್ತಿದ್ದಂತೆ ಅಂಕಿ ಇಳಿಯುತ್ತಾ ಹೋದರೆ ತಂತಿಗಳು ಅದಲುಬದಲಾಗಿವೆ. ಕಂಟ್ರೋಲರ್ ಶಾಖ ಸಾಲದೆಂದು ತಿಳಿದು ಸುರಿಯುತ್ತಲೇ ಇರುತ್ತದೆ, ತಕ್ಷಣ ಆರಿಸಿ.

ಅಂಕಿ ಏರುವುದೇ ತೀರಾ ನಿಧಾನವಾಗಿದ್ದರೆ ವೋಲ್ಟೇಜ್ ಅಳೆಯಿರಿ. ಸುತ್ತಲಿನ ತೋಟ, ಗದ್ದೆಗಳ ಮೋಟಾರುಗಳು ಓಡುವ ಹೊತ್ತಿನಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ, ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗದಂತೆ ಇಳಿದು ಮೂರನೆಯ ಎರಡರಷ್ಟಕ್ಕೆ ನಿಲ್ಲುತ್ತದೆ. 3 ಕಿಲೋವ್ಯಾಟ್ ಕುಲುಮೆ ಆಗ 2 ಕಿಲೋವ್ಯಾಟಿನದಾಗುತ್ತದೆ. ಮೋಟಾರುಗಳು ನಿಲ್ಲುವ ಹೊತ್ತಿಗೆ ಗರಿಷ್ಠ ಶಾಖ ಬರುವಂತೆ ಹೊಂದಿಸಿಕೊಳ್ಳುವುದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

ಅಚ್ಚು ಒಡೆದು ಗಾಜು ಸೋರಿದೆ, ಅಥವಾ ತುಂಡಿನ ಸುತ್ತ ಗಾಜಿನ ರೆಕ್ಕೆ ಮೂಡಿದೆ

ತೆಳು ರೆಕ್ಕೆ ಎಂದರೆ ಅಚ್ಚಿನಲ್ಲಿ ಕೂದಲೆಳೆಯ ಬಿರುಕಿತ್ತು, ಗಾಜು ಅದರೊಳಗೆ ಹರಿದಿದೆ. ಬ್ಲೇಡಿಗಿಂತ ಹರಿತವಾದ ಈ ರೆಕ್ಕೆಗಳನ್ನು ಚರ್ಮದ ಕೈಗವಸು ಹಾಕಿಕೊಂಡೇ ತೆಗೆಯಬೇಕು.

ಕಾರಣ ಬಹುಪಾಲು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಅಚ್ಚು ಹದಿನೈದು ದಿನ ಇಟ್ಟರೂ ಒಣಗುವುದಿಲ್ಲ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ನೋಡಿ. ತೂಕ ಇಳಿಯುವುದು ನಿಲ್ಲುವವರೆಗೆ ಅದು ಒಣಗಿಲ್ಲ. ಕುಲುಮೆಯಲ್ಲೇ ಒಣಗಿಸುವುದಾದರೆ 90 ಡಿಗ್ರಿ ದಾಟಿಸದೆ, ಗಾಳಿಕಂಡಿ ತೆರೆದಿಟ್ಟು, ಒಂದು ರಾತ್ರಿ ಬಿಡಬೇಕು. ನೀರು 97ಕ್ಕೇ ಕುದಿಯುವ ಊರಿನಲ್ಲಿ 100ಕ್ಕೆ ಇಟ್ಟರೆ ಅಚ್ಚಿನೊಳಗೆ ಆವಿ ಹುಟ್ಟಿ ಅದನ್ನು ಸೀಳುತ್ತದೆ. ಕಂಡಿಯ ಹತ್ತಿರ ತಣ್ಣನೆಯ ಕನ್ನಡಿ ಚೂರು ಹಿಡಿದಾಗ ಮಂಜು ಕವಿದರೆ ಇನ್ನೂ ಕಾಯಿರಿ. ಪ್ಲಾಸ್ಟರಿಗೆ ಅಂಟಿಕೊಂಡ ನೀರು ಸುಮಾರು 100ರಿಂದ 200 ಡಿಗ್ರಿಯ ನಡುವೆ ಹೊರಡುತ್ತದೆ, ಸಿಲಿಕಾ 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ. ಈ ಎರಡು ಕಡೆ ನಿಧಾನವಾಗಿ ದಾಟಿಸಿ.

ತೇವದ ದೋಷವಲ್ಲದಿದ್ದರೆ ಪ್ಲಾಸ್ಟರನ್ನೇ ನೋಡಿ. ಹೋದ ವರ್ಷದ ಮಳೆಗಾಲ ಕಳೆದ, ಬಾಯಿ ತೆರೆದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೀಲ ಗಾಳಿಯ ತೇವ ಕುಡಿದು ಸತ್ತಿರುತ್ತದೆ. ಕಲಸಿದರೆ ಗಂಟುಗಂಟಾಗುತ್ತದೆ, ಕಟ್ಟಿದ ಮೇಲೆ ಉಗುರಿಗೆ ಉದುರುತ್ತದೆ. ಪಿಒಪಿ ಮತ್ತು ಸಿಲಿಕಾ ತೂಕದಲ್ಲಿ ಸಮಸಮ, ಎರಡೂ ಸೇರಿದ ತೂಕದ ಅರ್ಧದಷ್ಟು ನೀರು, ಇದು ನನ್ನ ಹದ. ಹೊರಗೆ ಗಾರೆ ಕೆಲಸದವರು ಬಳಸುವ ಕೋಳಿ ಜಾಲರಿಯನ್ನು ಸುತ್ತಿ ಅದರ ಮೇಲೆ ಇನ್ನೊಂದು ಪದರ ಬಳಿದರೆ, ಅಚ್ಚು ಬಿರುಕು ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಗಾಜು ಸೋರುತ್ತಿದೆ ಎಂಬ ಅನುಮಾನ ಬಂದರೆ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಟ್ಟು, ಪೂರ್ತಿ ತಣಿಯುವವರೆಗೆ ಕಾಯುವುದನ್ನು ಬಿಟ್ಟು ಬೇರೇನೂ ಮಾಡಬೇಡಿ. ಕಾಯಿಲ್‌ಗೆ ಅಂಟಿದ ಗಾಜನ್ನು ನೀವೇ ಕೀಳಬೇಡಿ.

ಒಳಗೆಲ್ಲ ಗುಳ್ಳೆ

ಗಾಜಿನ ಚೂರು ಸಣ್ಣದಾದಷ್ಟೂ ಗುಳ್ಳೆ ಹೆಚ್ಚು. ಪುಡಿ ಮಾಡಿ ತುಂಬಿದರೆ ತುಂಡು ಮೊಸರಿನಂತೆ ಬೆಳ್ಳಗಾಗುತ್ತದೆ, ನಾಲ್ಕೈದು ದೊಡ್ಡ ತುಂಡುಗಳಲ್ಲಿ ತುಂಬಿದರೆ ತಿಳಿಯಾಗುತ್ತದೆ. ಏರುವ ಹಾದಿಯಲ್ಲಿ 660 ಡಿಗ್ರಿಯ ಆಸುಪಾಸು ಒಂದೆರಡು ಗಂಟೆ ನಿಲ್ಲಿಸಿದರೆ ಸಂದಿನ ಗಾಳಿ ಮೆಲ್ಲಗೆ ಹೊರಹೋಗುತ್ತದೆ. ಗುಳ್ಳೆಗಳೆಲ್ಲ ಅಚ್ಚಿಗೆ ತಾಗಿದ ಒಂದೇ ಬದಿಯಲ್ಲಿದ್ದರೆ ಅಚ್ಚು ಹಸಿಯಿತ್ತು. ಬೆರಳೆಣಿಕೆಯ ಗುಳ್ಳೆಗಳನ್ನು ದೋಷವೆಂದು ನಾನು ಎಣಿಸುವುದಿಲ್ಲ. ಕೈಯೆರಕದ ಗಾಜಿನಲ್ಲಿ ಅವು ಇರುತ್ತವೆ.

ಮೇಲೆ ಹಾಲಿನ ಪೊರೆಯಂತೆ ಮಂಕು

ಮೊದಲ ಪರೀಕ್ಷೆಗೆ ಒಂದು ಲೋಟ ನೀರು ಸಾಕು. ತುಂಡನ್ನು ಒದ್ದೆ ಮಾಡಿ. ಮಂಕು ಮಾಯವಾಗಿ, ಒಣಗಿದ ಮೇಲೆ ಮರಳಿದರೆ ಅದು ಮೇಲ್ಮೈಯ ಒರಟುತನ, ಉಜ್ಜಿದರೆ ಹೋಗುತ್ತದೆ. ಒದ್ದೆಯಾದರೂ ಹಾಗೆಯೇ ಉಳಿದರೆ ದೋಷ ಗಾಜಿನೊಳಗಿದೆ. ಬೋರ್‌ವೆಲ್ ನೀರಿನಲ್ಲಿ ತೊಳೆಯುವವರು ಇದಕ್ಕೂ ಮೊದಲು ವಿನಿಗರ್ ಹಚ್ಚಿ ಒರೆಸಬೇಕು. ಅರಸೀಕೆರೆಯ ಗೆಳೆಯರೊಬ್ಬರು ದೊಡ್ಡ ರೋಗವೆಂದು ತಂದು ತೋರಿಸಿದ ಮಂಕು ಬರೀ ಗಡಸು ನೀರಿನ ಉಪ್ಪಾಗಿತ್ತು.

ಹೊರಪದರ ಮಾತ್ರ ಸಕ್ಕರೆ ಕಟ್ಟಿದಂತೆ, ಸುಕ್ಕುಸುಕ್ಕಾಗಿ ಕಂಡರೆ ಗಾಜು ಹರಳುಗಟ್ಟಿದೆ. ಸೋಡಾ-ಸುಣ್ಣದ ಗಾಜು ಸುಮಾರು 700ರಿಂದ 850 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಕಳೆದರೆ ಹೀಗಾಗುತ್ತದೆ, ಬೆರಳಿನ ಗುರುತು, ಧೂಳು ಇದ್ದ ಕಡೆ ಮೊದಲು ಶುರುವಾಗುತ್ತದೆ. ಗಾಜನ್ನು ಸೋಪಿನಲ್ಲಿ ತೊಳೆದು ಅಂಚು ಹಿಡಿದೇ ಜೋಡಿಸಿ; ಎರಕದ ನಿಲುಗಡೆ ಮುಗಿದ ಮೇಲೆ ಅನೀಲಿಂಗ್ ತಾಪಕ್ಕೆ ಇಳಿಯುವ ಹಾದಿಯಲ್ಲಿ ನಡುವೆ ನಿಲ್ಲಿಸಬೇಡಿ. ಕಿಟಕಿ ಗಾಜಿನ ಒಂದೇ ಬದಿಯಲ್ಲಿ ಮಂಕು ಬಂದರೆ ಅದಕ್ಕೆ ಬೇರೆ ಕಾರಣವಿದೆ: ಕಾರ್ಖಾನೆಯಲ್ಲಿ ಆ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡಿರುತ್ತಾರೆ, ತವರಕ್ಕೆ ತಾಗಿದ್ದ ಬದಿ ಮತ್ತೆ ಕಾದಾಗ ಮಸುಕಾಗಬಹುದು.

ಎಷ್ಟು ಪಾಲಿಶ್ ಮಾಡಿದರೂ ಬೂದು ಬಣ್ಣ ಹೋಗುವುದಿಲ್ಲ

ಕೊನೆಯ ಹೊಳಪಿಗೆ ಬಳಸುವ ಪುಡಿಯಾದ ಸೀರಿಯಂ ಆಕ್ಸೈಡ್ ಕಳಪೆಯೆಂದು ತೀರ್ಮಾನಿಸುವ ಮೊದಲು ಹಿಂದಿನ ಹಂತಗಳನ್ನು ನೆನಪಿಸಿಕೊಳ್ಳಿ. ಗಾಜು ಉಜ್ಜುವ ಸಿಲಿಕಾನ್ ಕಾರ್ಬೈಡ್ ಪುಡಿಗೆ ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು: 220ರ ಪುಡಿಯ ಕಣ ಸುಮಾರು 60 ಮೈಕ್ರಾನ್, 400ರದು 17, 600ರದು 9. ಪ್ರತಿ ಪುಡಿಯೂ ಗಾಜಿನಲ್ಲಿ ತನ್ನ ಗಾತ್ರಕ್ಕೆ ತಕ್ಕ ಗುಂಡಿ ತೋಡುತ್ತದೆ, ಮುಂದಿನ ಪುಡಿ ಆ ಗುಂಡಿಯ ತಳದವರೆಗೆ ಗಾಜನ್ನು ಸವೆಸಬೇಕು. 220ರಿಂದ ನೇರವಾಗಿ 600ಕ್ಕೆ ಹಾರಿದವರು 60 ಮೈಕ್ರಾನಿನ ಹಳ್ಳವನ್ನು 9 ಮೈಕ್ರಾನಿನ ಕಣದಿಂದ ಮಟ್ಟ ಮಾಡಲು ಹೊರಟಿರುತ್ತಾರೆ. ಸೀರಿಯಂ ಅಂತೂ ಹಳ್ಳದ ದಂಡೆಗಳಿಗೆ ಹೊಳಪು ಕೊಟ್ಟು ಸುಮ್ಮನಾಗುತ್ತದೆ.

ಪರೀಕ್ಷೆ ಹೀಗೆ. ತುಂಡನ್ನು ಒರೆಸಿ ಒಣಗಿಸಿ, ದೀಪದ ಬೆಳಕು ಮೇಲ್ಮೈಯನ್ನು ಸವರಿ ಹೋಗುವಂತೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಂದೇ ಸಮನೆಯ ಮಂಜಿನ ನಡುವೆ ಅಲ್ಲಲ್ಲಿ ಚುಕ್ಕೆ ಮಿನುಗಿದರೆ ಅವು ಹಳೆಯ ಗುಂಡಿಗಳು, ಎರಡು ಪುಡಿ ಹಿಂದಕ್ಕೆ ಹೋಗಿ. ಪ್ರತಿ ಹಂತದ ಆರಂಭದಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಮೇಲ್ಮೈಯಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಪೂರ್ತಿ ಅಳಿದ ಮೇಲೆ ಇನ್ನೊಮ್ಮೆ ಎಳೆದು ಅದನ್ನೂ ಅಳಿಸಿ, ಆಮೇಲೆ ಮುಂದಿನ ಪುಡಿಗೆ ಹೋಗಿ. ಗುಂಡಿಯೊಳಗೆ ಉಳಿದ ಶಾಯಿಯೇ ಬಾಕಿ ಕೆಲಸವನ್ನು ತೋರಿಸುತ್ತದೆ.

ಮಂಜಿನ ಬದಲು ಉದ್ದನೆಯ ಒಂಟಿ ಗೀರು ಕಂಡರೆ ಹಿಂದಿನ ಪುಡಿಯ ಕಣವೊಂದು ಉಳಿದುಕೊಂಡಿದೆ. ಉಗುರಿನ ಸಂದು, ಅಂಗಿಯ ತೋಳು, ಒಂದೇ ಬಕೆಟಿನ ನೀರು, ಇವು ಮೂರನ್ನು ಮೊದಲು ಅನುಮಾನಿಸಿ. ಬೇಸಿಗೆಯಲ್ಲಿ ಹಾರಿಬರುವ ಕೆಮ್ಮಣ್ಣಿನ ಧೂಳೂ ಸಾಕು. ಅದರಲ್ಲಿರುವ ಬೆಣಚುಕಲ್ಲಿನ ಕಣ ಗಾಜಿಗಿಂತ ಗಟ್ಟಿ. ಪ್ರತಿ ಪುಡಿಗೂ ಬೇರೆ ಬಟ್ಟಲು, ಬೇರೆ ಬಟ್ಟೆ ಇಡಿ. ದುಡ್ಡು ಉಳಿಸಲು ನಾನೊಮ್ಮೆ ನೆಲಕ್ಕೆ ಬಳಿಯುವ ರೆಡ್ ಆಕ್ಸೈಡಿನಿಂದ ಪಾಲಿಶ್ ಮಾಡಲು ಹೊರಟಿದ್ದೆ. ಹಿಂದೆ ಕಬ್ಬಿಣದ ಆಕ್ಸೈಡಿನಿಂದಲೇ ಗಾಜಿಗೆ ಹೊಳಪು ಕೊಡುತ್ತಿದ್ದರೆಂಬುದು ನಿಜ, ಆದರೆ ಅದು ಸೋಸಿ ಸೋಸಿ ನುಣ್ಣಗೆ ಮಾಡಿದ್ದು. ನೆಲದ ಪುಡಿ ಗಾಜಿನ ಮೇಲೆಲ್ಲ ಬೆಕ್ಕು ಪರಚಿದಂತೆ ಗೆರೆ ಎಳೆಯಿತು, ಕೈ ವಾರವಿಡೀ ಕೆಂಪಾಗಿತ್ತು. ಕನ್ನಡಿಯ ಅಂಚು ಸವೆಸಿಕೊಡುವ ಅಂಗಡಿಗಳಲ್ಲಿ ಕೇಳಿದರೆ ಸೀರಿಯಂ ಸಿಗುವ ಜಾಗ ತಿಳಿಯುತ್ತದೆ.

ಅಂಚಿನಿಂದ ಚಕ್ಕೆ ಹಾರುತ್ತಿದ್ದರೆ ಮೊದಲು ಅಂಚನ್ನು 400ರ ವಾಟರ್ ಪೇಪರಿನಿಂದ ನೀರು ಹಾಕಿಕೊಂಡು ಸ್ವಲ್ಪ ಮುರಿದುಕೊಳ್ಳಿ. ಫೆಲ್ಟ್ ಚಕ್ರದಲ್ಲಿ ಪಾಲಿಶ್ ಮಾಡುವಾಗ ಗಾಜು ಹಠಾತ್ತನೆ ಸೀಳಿದರೆ ಚಕ್ರ ಒಣಗಿ ಬಿಸಿಯಾಗಿದೆ; ಸೀರಿಯಂ ಯಾವಾಗಲೂ ನೀರು ಮಜ್ಜಿಗೆಯ ಹದದಲ್ಲಿ ಒದ್ದೆಯಾಗಿರಲಿ, ಗಾಜು ಅಂಗೈಗೆ ಬೆಚ್ಚಗಾದಾಗಲೇ ವಿರಾಮ ಕೊಡಿ. ಬಿಸಿಯಾದದ್ದನ್ನು ತಣ್ಣೀರಿಗೆ ಅದ್ದಬೇಡಿ. ಕಣ್ಣಿಗೆ ಚೂರು ಹಾರಿದರೆ ಉಜ್ಜದೆ, ತೆಗೆಯಲು ಯತ್ನಿಸದೆ, ಕಣ್ಣಿನ ವೈದ್ಯರ ಬಳಿಗೆ ಹೋಗಿ. ಉಜ್ಜಿದ ಕೆಸರನ್ನು ಮೋರಿಗೆ ಸುರಿಯಬೇಡಿ. ಬಕೆಟಿನಲ್ಲಿ ತಂಗಲು ಬಿಟ್ಟು ತಿಳಿನೀರು ಬಸಿದು, ಗಸಿಯನ್ನು ಹಸಿಯಾಗಿರುವಾಗಲೇ ಚೀಲಕ್ಕೆ ಕಟ್ಟಿ.

ಕುಲುಮೆ ಹಚ್ಚಿದೊಡನೆ ಸ್ವಿಚ್ ಬೀಳುತ್ತದೆ

ಬಿದ್ದದ್ದು ಹೊರೆ ಹೆಚ್ಚಾದರೆ ಬೀಳುವ ಎಂಸಿಬಿಯೋ, ಕರೆಂಟು ಸೋರಿದರೆ ಬೀಳುವ ಆರ್‌ಸಿಸಿಬಿಯೋ ನೋಡಿ. ಎಂಸಿಬಿ ಬಿದ್ದರೆ ಹೊರೆ ಹೆಚ್ಚು ಅಥವಾ ಶಾರ್ಟ್ ಆಗಿದೆ. ಆ ಸಾಲಿನಲ್ಲಿ ಗೀಸರ್, ಇಸ್ತ್ರಿಪೆಟ್ಟಿಗೆ ಇದ್ದರೆ ಆರಿಸಿ ಇನ್ನೊಮ್ಮೆ ಮಾತ್ರ ಯತ್ನಿಸಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬಿದ್ದರೆ ಕರೆಂಟು ಎಲ್ಲೋ ಕುಲುಮೆಯ ಮೈಗೆ ಸೋರುತ್ತಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಕುಲುಮೆಯ ಇಟ್ಟಿಗೆ ತೇವ ಹೀರಿಕೊಂಡಿದ್ದರೂ ಹೀಗಾಗುತ್ತದೆ. ಪ್ಲಗ್ ಕಿತ್ತು, ಬಾಗಿಲು ತೆರೆದು, ಶೆಡ್ಡಿನಲ್ಲಿ ಬಲ್ಬು ಉರಿಸಿ ನಾಲ್ಕು ದಿನ ಒಣಗಿಸಿ ನೋಡಬಹುದು. ಆಮೇಲೂ ಬಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬರುವವರೆಗೆ ಕುಲುಮೆಯನ್ನು ಮುಟ್ಟಬೇಡಿ. ಆರ್‌ಸಿಸಿಬಿಯನ್ನು ತಪ್ಪಿಸಿ ತಂತಿ ಎಳೆದುಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಸ್ವಿಚ್ ಬೀಳದಿದ್ದರೂ ಪ್ಲಗ್ ಕೈಗೆ ಬಿಸಿ ತಾಗಿದರೆ, ಸುಟ್ಟ ವಾಸನೆ ಬಂದರೆ, ಕುಲುಮೆಯ ತಗಡು ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್, ಅದೂ ಗಂಟೆಗಟ್ಟಲೆ. ನನ್ನ ಶೆಡ್ಡಿನ ಸಾಕೆಟ್ 16 ಆಂಪಿಯರಿನದೇ ಆಗಿತ್ತು, ಆದರೂ ಪ್ಲಗ್ ಕಾಯುತ್ತಿತ್ತು. ನೋಡಲು ಬಂದ ಎಲೆಕ್ಟ್ರಿಷಿಯನ್ ಪೈಪಿನಿಂದ ತಂತಿ ಎಳೆದು ತೋರಿಸಿ, "ಸಾರ್, ಸಾಕೆಟ್ಟೇನೋ ದೊಡ್ಡದು ಹಾಕವ್ರೆ, ಹಿಂದ್ಗಡೆ ಇರೋದು ಲೈಟಿನ ವೈರು. ಇದ್ರಲ್ಲಿ ಕುಲುಮೆ ಓಡ್ಸಿದ್ರೆ ಗಾಜಿಗಿಂತ ಮೊದ್ಲು ಗೋಡೆ ಕಾಯ್ತದೆ" ಎಂದರು. ಮೀಟರ್ ಬೋರ್ಡಿನಿಂದಲೇ ಕುಲುಮೆಗೆ ಬೇರೆ ಸಾಲು, 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಸರಿಯಾದ ಅರ್ತಿಂಗ್ ಹಾಕಿಸಿದ ಮೇಲೆ ಪ್ಲಗ್ ತಣ್ಣಗಾಯಿತು. ಕುಲುಮೆ 850 ಡಿಗ್ರಿ ಮುಟ್ಟಲು ಹಿಂದೆ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲೂ ಮುಕ್ಕಾಲು ಗಂಟೆ ಕಡಿಮೆಯಾಯಿತು.